ಬರ್ಬರನಿಂದ ಬ್ರಾವೋಗೆ



ಭಾಷೆಯ ವಿಚಾರವಾಗಿ ಏನಾದರೂ ಮಾತನಾಡಿ ಎಂದು ನೀವು ಕೇಳಿದಿರಿ. ನಾನು ಒಂದೇ ಒಂದು ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಅದು ಕನ್ನಡದ ಪದವಲ್ಲ. ಆದರೆ ಅದರ ಬಳಿಗೆ ನನ್ನನ್ನು ಕರೆದೊಯ್ದದ್ದು ಕನ್ನಡದ ಒಂದು ಪದ. ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಚಿಕ್ಕವನಿದ್ದಾಗ ಆಟ ನೋಡಲು ಅಜ್ಜಯ್ಯನ ಜೊತೆ ಹೋಗುತ್ತಿದ್ದೆ. ನಮ್ಮ ಕಡೆ ಆಟವೆಂದರೆ ಯಕ್ಷಗಾನ. ಅಜ್ಜಯ್ಯನಿಗೆ ಪುಂಡುವೇಷವೆಂದರೆ ಪ್ರಾಣ. ಅಭಿಮನ್ಯು, ಬಭ್ರುವಾಹನ ಮೊದಲಾದ ಎಳೆಯ ವೀರರ ಪಾತ್ರಗಳಿಗೆ ಆ ಹೆಸರು. ಚಕ್ಕನೆ ಹಾರಿ ಬಂದು ಗಿರಗಿರನೆ ಸುತ್ತುವ ಆ ವೇಷ ರಂಗಕ್ಕೆ ಬರುವ ಹೊತ್ತಿಗೆ ಮಲಗಿದವರೂ ಎದ್ದು ಕೂರುತ್ತಿದ್ದರು. ಮರುದಿನ ಶಾಲೆಯಲ್ಲಿ ಪತ್ರಿಕೆ ಓದಿ ಹೇಳುವ ಸರದಿ ನನ್ನದು. ಅದರಲ್ಲಿ ಯಾವುದೋ ಊರಿನ ಪುಂಡರು ಅಂಗಡಿಗೆ ಕಲ್ಲು ತೂರಿದ ಸುದ್ದಿ ಇತ್ತು. ಸಂಜೆ ಮನೆಗೆ ಬಂದವನೇ, “ಅಜ್ಜಯ್ಯಾ, ಅಭಿಮನ್ಯು ಪುಂಡನಾ?” ಎಂದು ಕೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಲೇ, “ಹೌದು ಮಗಾ. ನಮ್ಮ ಪುಂಡ” ಎಂದರು.

ಆ ಮಾತಿನ ತೂಕ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳ ಪರಿಚಯ ಮಾಡಿಕೊಳ್ಳುತ್ತಿದ್ದಾಗ ಒಂದು ಗುಣಪದ ಅಜ್ಜಯ್ಯನ ಉತ್ತರವನ್ನೇ ನೆನಪಿಗೆ ತಂದಿತು. ಆ ಪದ ‘ಬ್ರಾವೋ’.

ಬ್ರಾವೋ ಎಂದರೆ ನಮಗೆಲ್ಲ ಭೇಷ್ ಎಂಬ ಅರ್ಥ. ಅದು ಇಟಲಿಯ ಸಂಗೀತ ನಾಟಕಗಳ ಸಭೆಯಿಂದ ಜಗತ್ತಿಗೆಲ್ಲ ಹರಡಿದ ಉದ್ಗಾರ. ಆದರೆ ತನ್ನ ಮನೆಗಳಲ್ಲಿ ಅದು ಉದ್ಗಾರವಾಗುವುದಕ್ಕೆ ಮೊದಲು ಗುಣಪದ. ಪೋರ್ಚುಗೀಸ್, ಸ್ಪ್ಯಾನಿಷ್, ಕೆಟಲಾನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲೆಲ್ಲ ಇದೆ. ರೊಮೇನಿಯನ್ನಿಗೂ ಪಡುವಣ ಸೋದರಿಯರಿಂದ ತಡವಾಗಿ ಹೋಗಿ ಸೇರಿಕೊಂಡಿದೆ. ರೂಪ ಹೆಚ್ಚು ಕಡಿಮೆ ಒಂದೇ, ಅರ್ಥ ಮಾತ್ರ ಊರಿಂದೂರಿಗೆ ಬೇರೆ. ಇಟಲಿಯ ತಾಯಿ ಮಗುವಿಗೆ ‘ಬ್ರಾವೋ ಆಗಿರು’ ಎಂದರೆ ಗಲಾಟೆ ಮಾಡದೆ ಇರು ಎಂದರ್ಥ. ಬ್ರೆಜಿಲಿನಲ್ಲಿ ಅದೇ ತಾಯಿ ‘ಅಪ್ಪ ಬ್ರಾವೋ ಆಗಿದ್ದಾರೆ’ ಎಂದರೆ ಮಗು ಮೂಲೆ ಸೇರಿಕೊಳ್ಳಬೇಕು, ಏಕೆಂದರೆ ಅಲ್ಲಿ ಅದರ ಅರ್ಥ ಸಿಟ್ಟಾಗಿದ್ದಾರೆ ಎಂದು. ಒಂದೇ ತಾಯಿಯ ಮಾತು ಎರಡು ಮನೆಗಳಲ್ಲಿ ಹೀಗೆ ಎದುರು ಬದುರಾಗಿ ನಿಂತದ್ದು ಹೇಗೆ ಎಂಬುದೇ ಇವತ್ತಿನ ನನ್ನ ವಿಷಯ.

ಮೊದಲು ಇಟಲಿಗೇ ಹೋಗೋಣ. ಅಲ್ಲಿ ಬ್ರಾವೋ ವೈದ್ಯ ಎಂದರೆ ಕೈಗುಣವುಳ್ಳ, ಕೆಲಸ ಬಲ್ಲ ವೈದ್ಯ. ಬ್ರಾವೋ ಹುಡುಗ ಎಂದರೆ ಒಳ್ಳೆಯ ಹುಡುಗ. ಸಾಮರ್ಥ್ಯ, ಸನ್ನಡತೆ ಎರಡನ್ನೂ ಒಂದೇ ಪದದಲ್ಲಿ ಹೇಳುವುದು ನಮಗೆ ಹೊಸದಲ್ಲ. ‘ಲೆಕ್ಕದಲ್ಲಿ ಜಾಣ’ ಎನ್ನುತ್ತೇವೆ, ‘ನನ್ನ ಜಾಣ ಮರಿ, ಊಟ ಮಾಡು’ ಎಂದೂ ಎನ್ನುತ್ತೇವೆ. ನಮ್ಮ ಜಾಣ ಇಟಲಿಯ ಬ್ರಾವೋಗೆ ಅತಿ ಹತ್ತಿರದ ಪದ. ಸಭೆಯಲ್ಲಿ ಕೂಗುವಾಗ ಇಟಲಿಯವರು ಇದನ್ನು ಗುಣಪದವೆಂದು ಮರೆಯುವುದಿಲ್ಲ. ಗಾಯಕನಿಗೆ ಬ್ರಾವೋ, ಗಾಯಕಿಗೆ ಬ್ರಾವಾ, ಇಡೀ ಮೇಳಕ್ಕೆ ಬ್ರಾವಿ, ಮೇಳದಲ್ಲಿ ಹೆಂಗಸರೇ ಇದ್ದರೆ ಬ್ರಾವೆ. ಪರದೇಶದ ಸಭಿಕರು ಎಲ್ಲರಿಗೂ ಬ್ರಾವೋ ಎಂದೇ ಕೂಗಿದಾಗ ಇಟಲಿಯವರ ಕಿವಿಗೆ ಅದು ‘ಅವಳು ಚೆನ್ನಾಗಿ ಹಾಡಿದನು’ ಎಂದಂತೆ ಕೇಳಿಸುತ್ತದೆ.

ಆದರೆ ಇಟಲಿಯಲ್ಲಿಯೂ ಈ ಪದ ಯಾವಾಗಲೂ ಸಾಧುವಾಗಿರಲಿಲ್ಲ. ಅಲೆಸ್ಸಾಂದ್ರೊ ಮಾಂತ್ಸೋನಿಯ ‘ಇ ಪ್ರೊಮೆಸ್ಸಿ ಸ್ಪೋಸಿ’ ಅಲ್ಲಿನ ಶಾಲೆ ಮಕ್ಕಳೆಲ್ಲ ಓದುವ ಕಾದಂಬರಿ. ಮೊದಲ ಸಲ 1827ರಲ್ಲಿ ಅಚ್ಚಾಯಿತು, ಭಾಷೆಯನ್ನು ತಿದ್ದಿದ ಆವೃತ್ತಿ 1840ರಿಂದ 1842ರವರೆಗೆ ಕಂತುಗಳಲ್ಲಿ ಬಂತು. ಕತೆ ಆರಂಭವಾಗುವುದು 1628ರ ನವೆಂಬರ್ 7ರ ಸಂಜೆ, ಕೋಮೋ ಸರೋವರದ ಬಳಿ. ದೋನ್ ಅಬ್ಬೋಂದಿಯೊ ಎಂಬ ಅಂಜುಬುರುಕ ಪಾದ್ರಿ ಮನೆಗೆ ನಡೆದು ಹೋಗುತ್ತಿರುವಾಗ ದಾರಿ ಕವಲೊಡೆಯುವಲ್ಲಿ ಇಬ್ಬರು ಕಾದಿರುತ್ತಾರೆ. ಸೊಂಟದಲ್ಲಿ ಪಿಸ್ತೂಲು, ಕತ್ತಿ. ರೆಂತ್ಸೋ ಮತ್ತು ಲೂಚಿಯಾ ಎಂಬ ಬಡ ಜೋಡಿಯ ಮದುವೆಯನ್ನು ನೀನು ಮಾಡಿಸಕೂಡದು ಎಂದು ತಮ್ಮ ಧಣಿಯ ಬೆದರಿಕೆಯನ್ನು ಅವರು ತಲುಪಿಸುತ್ತಾರೆ. ಇಂಥ ಕೂಲಿ ಗೂಂಡಾಗಳಿಗೆ ಆ ಕಾಲದ ಲೊಂಬಾರ್ದಿಯಲ್ಲಿ ಇದ್ದ ಹೆಸರು ‘ಬ್ರಾವಿ’. ಇವತ್ತು ಮೇಳದ ಹಾಡುಗಾರರಿಗೆ ಕೂಗುವ ಅದೇ ಬಹುವಚನ.

ಮಾಂತ್ಸೋನಿ ಅಲ್ಲಿ ಕತೆಯನ್ನು ನಿಲ್ಲಿಸಿ ಮಿಲಾನಿನ ಅಧಿಕಾರಿಗಳು ಹೊರಡಿಸಿದ ಡಂಗುರದ ಆಜ್ಞೆಗಳನ್ನು ಓದುಗರ ಮುಂದಿಡುತ್ತಾನೆ. 1583ರ ಏಪ್ರಿಲ್ 8ರ ಆಜ್ಞೆ ಬ್ರಾವಿಗಳು ನಾಡು ಬಿಟ್ಟು ಹೋಗಬೇಕೆನ್ನುತ್ತದೆ. ಕೆಲವು ವರ್ಷದ ಮೇಲೆ ಇನ್ನೊಂದು ಆಜ್ಞೆ, ಆಮೇಲೆ ಮತ್ತೊಂದು. ಒಂದೊಂದರಲ್ಲೂ ಹಿಂದಿನದಕ್ಕಿಂತ ಕಟುವಾದ ಮಾತು. ಆಜ್ಞೆ ಮತ್ತೆ ಮತ್ತೆ ಹೊರಟಿತೆಂದರೆ ಬ್ರಾವಿಗಳು ಎಲ್ಲಿಗೂ ಹೋಗಿರಲಿಲ್ಲ ಎಂಬುದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೆ. ಆಗ ಮಿಲಾನ್ ಇದ್ದದ್ದು ಸ್ಪೇನಿನ ದೊರೆಯ ಆಳ್ವಿಕೆಯಲ್ಲಿ. ಸ್ಪ್ಯಾನಿಷಿನಲ್ಲಿ ಬ್ರಾವೋ ಎಂದರೆ ಪಳಗದ, ಮೇಲೆ ಬೀಳುವ, ಉಗ್ರ. ಪ್ರಜೆಗಳ ಬಾಯಲ್ಲೂ ಆಳುವವರ ಬಾಯಲ್ಲೂ ಒಂದೇ ಪದ ಓಡಾಡುತ್ತಿತ್ತು.

ಸ್ಪೇನಿನಲ್ಲಿ ಈ ಪದದ ಗಟ್ಟಿ ನೆಲೆ ಗೂಳಿ. ಹೋರಾಟದ ಕಣಕ್ಕೆಂದೇ ಸಾಕುವ, ಮನುಷ್ಯನ ಕೈಗೆ ಒಗ್ಗದ ತಳಿಗೆ ‘ತೋರೋ ಬ್ರಾವೋ’ ಎಂದು ಹೆಸರು. ಅದರ ಎದುರು ಪದ ‘ಮಾನ್ಸೋ’, ಪಳಗಿದ್ದು. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನೆರೆಯ ಕೆಟಲಾನಿನಲ್ಲಿ ಗುಣಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಾಮಪದವೇ ಆಗಿದೆ. ಅಲ್ಲಿ ‘ಬ್ರಾವ್’ ಎಂದರೆ ಗೂಳಿ. ಬಾರ್ಸಿಲೋನಾದ ಬಡಗಣ ಕರಾವಳಿಗೆ ‘ಕೋಸ್ತಾ ಬ್ರಾವಾ’ ಎಂಬ ಹೆಸರನ್ನು ಫೆರ್ರಾನ್ ಅಗುಲ್ಯೊ ಎಂಬ ಬರಹಗಾರ ಕೊಟ್ಟದ್ದು 1908ರಲ್ಲಿ, ಪತ್ರಿಕೆಯ ಲೇಖನವೊಂದರಲ್ಲಿ. ಬಂಡೆಗಳು ನೇರವಾಗಿ ಕಡಲಿಗೆ ಇಳಿಯುವ ಒರಟು ತೀರ ಅದು. ಪ್ರವಾಸಿಗರು ‘ವೀರ ಕರಾವಳಿ’ ಎಂದು ಅರ್ಥ ಮಾಡಿಕೊಂಡರೆ ದಾರಿ ತಪ್ಪಿದಂತೆ. ಮೆಕ್ಸಿಕೋದವರು ಅಮೆರಿಕದೊಂದಿಗಿನ ತಮ್ಮ ಗಡಿಯ ನದಿಯನ್ನು ‘ರಿಯೋ ಬ್ರಾವೋ’ ಎನ್ನುತ್ತಾರೆ. ಆಚೆ ದಡದವರಿಗೆ ಅದು ‘ರಿಯೋ ಗ್ರಾಂಡೆ’. ಒಂದೇ ನೀರಿಗೆ ಒಂದು ದಡದಿಂದ ಉಗ್ರ ನದಿ, ಇನ್ನೊಂದು ದಡದಿಂದ ಮಹಾ ನದಿ ಎಂಬ ಹೆಸರು. ಮ್ಯಾಡ್ರಿಡಿನ ಹೋಟೆಲುಗಳಲ್ಲಿ ಖಾರದ ಗೊಜ್ಜು ಸುರಿದು ಕೊಡುವ ಬಟಾಟೆಗೂ ‘ಬ್ರಾವಾಸ್’ ಎನ್ನುವುದುಂಟು.

ಫ್ರೆಂಚರು ಪದವನ್ನು ತೆಂಕಣ ನೆರೆಯವರಿಂದ ಪಡೆದು ‘ಬ್ರಾವ್’ ಎಂದು ಮಾಡಿಕೊಂಡರು. ಅವರಲ್ಲಿ ಅರ್ಥವನ್ನು ತೀರ್ಮಾನಿಸುವುದು ಜಾಗ. ಮನುಷ್ಯ ಎಂಬ ಪದದ ನಂತರ ಬ್ರಾವ್ ಬಂದರೆ ಧೈರ್ಯಶಾಲಿ. ಮೊದಲು ಬಂದರೆ ಒಳ್ಳೆಯವನು, ಪಾಪದವನು, ಯಾರ ತಂಟೆಗೂ ಹೋಗದವನು. ಕನ್ನಡದಲ್ಲಿ ಗುಣಪದ ಹೆಸರಿನ ಮುಂದೆಯೇ ಬರಬೇಕು. ಹಿಂದೆ ಹಾಕಬೇಕಾದರೆ ಬೇರೆ ರೂಪ ತಾಳಬೇಕು: ‘ಒಳ್ಳೆಯ ಮನುಷ್ಯ’, ‘ಆ ಮನುಷ್ಯ ಒಳ್ಳೆಯವನು’. ಹಾಗಾಗಿ ಜಾಗ ಬದಲಿಸಿ ಅರ್ಥ ಬದಲಿಸುವ ಈ ಸೂಕ್ಷ್ಮ ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗುತ್ತದೆ. ಹದಿನಾರು, ಹದಿನೇಳನೆಯ ಶತಮಾನಗಳ ಫ್ರೆಂಚಿನಲ್ಲಿ ಬ್ರಾವ್ ಎಂದರೆ ಚೆಂದವಾಗಿ ಉಡುಪು ತೊಟ್ಟವನು ಎಂಬ ಅರ್ಥವೂ ಇತ್ತು. ಇಂಗ್ಲಿಷಿನ ಬ್ರೇವ್ ಈ ಫ್ರೆಂಚಿನದೇ ಕೊಡುಗೆ. ಗಡಿ ದಾಟಿ ಜರ್ಮನಿಗೆ ಹೋದ ‘ಬ್ರಾಫ್’ ಹೇಳಿದ ಮಾತು ಕೇಳುವ ಮಗುವಿಗೆ ಸಲ್ಲುವ ಪದವಾಗಿ ನಿಂತಿತು. ಕಣದಲ್ಲಿ ಗುಟುರು ಹಾಕುವ ಗೂಳಿಯಿಂದ ಕೈ ಕಟ್ಟಿ ಕೂತ ಮಗುವಿನವರೆಗೆ ಎಷ್ಟು ದೂರ!

ಈಗ ಮೂಲದ ಪ್ರಶ್ನೆ. ಇಂಥ ಪದ ಎಲ್ಲಿಂದ ಬಂತು?

ಇದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಮುಖ್ಯವಾಗಿ ಎರಡು ವಾದಗಳಿವೆ. ಒಂದು, ಲ್ಯಾಟಿನ್ನಿನ ‘ಪ್ರಾವುಸ್’, ಎಂದರೆ ವಕ್ರ, ಕೆಟ್ಟ. ಇನ್ನೊಂದು ‘ಬಾರ್ಬರುಸ್’, ಎಂದರೆ ಬರ್ಬರ. ಪ್ರಾವುಸ್ ಮೇಲ್ನೋಟಕ್ಕೆ ಬಹಳ ಹತ್ತಿರ ಕಾಣುತ್ತದೆ, ಒಂದು ಅಕ್ಷರದ ವ್ಯತ್ಯಾಸ. ಆದರೆ ನಾನು ಎರಡನೆಯ ವಾದದ ಪಕ್ಷ. ಲ್ಯಾಟಿನ್ ಪದಗಳ ಮೊದಲ ಪಕಾರ ಈ ಭಾಷೆಗಳಲ್ಲಿ ಪಕಾರವಾಗಿಯೇ ಉಳಿಯುವುದು ನಿಯಮ. ತಂದೆಯೆಂಬ ‘ಪಾತೇರ್’ ‘ಪಾದ್ರೆ’ ಆಯಿತು, ‘ಬಾದ್ರೆ’ ಆಗಲಿಲ್ಲ. ನಮ್ಮ ಬಾಯಲ್ಲಿ ಪಾದ್ರಿಯಾಗಿರುವುದೂ ಆ ಪದವೇ. ಪ್ರಾವುಸ್ ಮಾತ್ರ ನಿಯಮ ಮುರಿದು ಬಕಾರ ತಾಳಿತೆನ್ನಲು ಬಲವಾದ ಕಾರಣ ಬೇಕು.

ಬಾರ್ಬರುಸ್ ಕಡೆಗೆ ನೋಡಿದರೆ, ದಾರಿ ಉದ್ದವಾದರೂ ಒಂದೊಂದು ಹೆಜ್ಜೆಗೂ ಸಾಕ್ಷಿ ಇದೆ. ಪದದಲ್ಲಿ ಎರಡು ರೇಫೆಗಳಿವೆ. ಈ ಭಾಷೆಗಳಲ್ಲಿ ರೇಫೆ ಒಂದು ಕಡೆ ನಿಲ್ಲುವ ಧ್ವನಿಯಲ್ಲ. ಅಚ್ಚಿನಲ್ಲಿ ಮಾಡಿದ್ದು ಎಂಬ ಮೂಲದಿಂದ ಬಂದ ಗಿಣ್ಣಿನ ಹೆಸರು ಇಟಾಲಿಯನ್ನಿನಲ್ಲಿ ‘ಫೊರ್ಮಾಜ್ಜೊ’, ಫ್ರೆಂಚಿನಲ್ಲಿ ರೇಫೆ ಹಾರಿ ‘ಫ್ರೊಮಾಜ್’. ಎರಡು ರೇಫೆ ಒಟ್ಟಿಗಿದ್ದರೆ ಒಂದನ್ನು ಬದಲಿಸುವುದೋ ಬಿಡುವುದೋ ರೂಢಿ. ಮರವೆಂಬ ‘ಆರ್ಬೊರ್’ ಸ್ಪ್ಯಾನಿಷಿನಲ್ಲಿ ‘ಆರ್ಬೊಲ್’ ಆಗಿದೆ. ಸ್ವರಗಳ ನಡುವಿನ ಬಕಾರ ವಕಾರವಾಗುವುದಂತೂ ಪಾಠದ ಮೊದಲ ದಿನ ಹೇಳುವ ನಿಯಮ. ಕುದುರೆಯೆಂಬ ‘ಕಬಾಲ್ಲುಸ್’ ಇಟಲಿಯಲ್ಲಿ ‘ಕವಾಲ್ಲೊ’. ನಮ್ಮ ಪಾಲು ಹಾಲಾದಷ್ಟೇ, ಪೂವು ಹೂವಾದಷ್ಟೇ ಸಹಜ. ಹೀಗೆ ಬಾರ್ಬರು, ಬ್ರಾಬರು, ಬ್ರಾಬು, ಬ್ರಾವೋ. ಹೊಂದುವ ಅರ್ಥವೂ ಜೊತೆಗಿದೆ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಬ್ರಾವುಸ್’ ಪದ ಪಳಗದ ಹೋರಿಗೆ ಬಳಕೆಯಾಗಿದೆ. ಪ್ರಾವುಸ್‌ನ ನೆರಳೂ ದಾರಿಯಲ್ಲಿ ಇದರ ಮೇಲೆ ಬಿದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಲ್ಲಿ ಒಂದು ಮಾತು, ಮುಖ್ಯವಾಗಿ ವಿದ್ಯಾರ್ಥಿಗಳಿಗೆ. ಸದ್ದು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಎರಡು ಪದಗಳಿಗೆ ನಂಟು ಕಟ್ಟುವುದನ್ನು ನಮ್ಮಲ್ಲಿ ಹವ್ಯಾಸದಂತೆ ಮಾಡುತ್ತಾರೆ. ತಮಿಳಿನ ‘ನಲ್ಲ’ ಎಂದರೆ ಒಳ್ಳೆಯ. ಕನ್ನಡದಲ್ಲಿ ಅದರ ಬಳಗದ ನಲ್ಲ, ನಲ್ಲೆ ಪ್ರೀತಿಸುವವರಾದರು. ತೆಲುಗಿನ ‘ನಲ್ಲ’ ಎಂದರೆ ಕಪ್ಪು. ಕಿವಿಗೆ ಮೂರೂ ಒಂದೇ. ಆದರೆ ತೆಲುಗಿನ ಪದ ಕತ್ತಲೆಯ ಅರ್ಥವಿರುವ ಬೇರೊಂದು ಬೇರಿನದು. ಕಿವಿಯನ್ನು ನಂಬಿ ಹೊರಟವನು ಒಳಿತಿಗೂ ಕತ್ತಲಿಗೂ ಗಂಟು ಹಾಕಿ ಕೂರುತ್ತಾನೆ. ಪ್ರಾವುಸ್ ವಾದಕ್ಕೆ ನಾನು ಒಪ್ಪದಿರುವುದರ ಹಿಂದೆ ಇದೇ ಎಚ್ಚರವಿದೆ.

ಬಾರ್ಬರುಸ್ ಲ್ಯಾಟಿನ್ನಿನ ಸ್ವಂತ ಆಸ್ತಿಯಲ್ಲ, ಗ್ರೀಕಿನಿಂದ ಬಂದದ್ದು. ಗ್ರೀಕರಿಗೆ ತಿಳಿಯದ ಮಾತೆಲ್ಲ ‘ಬರ್ ಬರ್’ ಎಂದು ಕೇಳಿಸುತ್ತಿತ್ತು. ಹಾಗೆ ಆಡುವವರು ಬಾರ್ಬರೋಯ್. ‘ಇಲಿಯಡ್’ ಕಾವ್ಯದ ಎರಡನೆಯ ಭಾಗದಲ್ಲಿ ಟ್ರಾಯ್ ಪರವಾಗಿ ಬಂದ ಕಾರಿಯಾ ದೇಶದವರಿಗೆ ಬರ್ಬರ ನುಡಿಯವರು ಎಂಬ ವಿಶೇಷಣವಿದೆ. ಅಲ್ಲಿ ಅದು ಮಾತನ್ನು ಕುರಿತ ಪದ. ಕ್ರೌರ್ಯದ ಅರ್ಥ ಬಂದದ್ದು ಆಮೇಲೆ. ಸಂಸ್ಕೃತದ ಬರ್ಬರವೂ ಇದೇ ಅನುಕರಣೆಯಿಂದ ಹುಟ್ಟಿದ ಪದ, ತೊದಲು ಎಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಗ್ರೀಕಿಗೂ ಸಂಸ್ಕೃತಕ್ಕೂ ಇಲ್ಲಿರುವುದು ಒಡಹುಟ್ಟಿದ ಸಂಬಂಧವೋ, ಕೊಡುಕೊಳ್ಳುವಿಕೆಯೋ ಎಂಬ ಚರ್ಚೆ ನಡೆದೇ ಇದೆ. ಮ್ಲೇಚ್ಛ ಎಂಬ ಪದದ ಧಾತುವಿಗೂ ಅಸ್ಪಷ್ಟವಾಗಿ ಮಾತನಾಡುವುದೆಂದೇ ಅರ್ಥ. ಅಸುರರು ಉಚ್ಚಾರ ತಪ್ಪಿ ಸೋತರೆಂಬ ಕತೆಯನ್ನು ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ನೆನೆಯುತ್ತಾನೆ, ವ್ಯಾಕರಣ ಏಕೆ ಓದಬೇಕೆಂದು ಹೇಳುವುದಕ್ಕೆ. ಹೊರಗಿನವನನ್ನು ಮೊದಲು ಗುರುತಿಸುವುದು ಕಿವಿ.

ನಾವೂ ಒಮ್ಮೆ ಆ ಕಿವಿಗೆ ಬಿದ್ದಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿ ದೊರೆತ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಾಳೆ ಕ್ರಿಸ್ತಶಕ ಎರಡನೆಯ ಶತಮಾನದ್ದು, ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು 1903ರಲ್ಲಿ ಪ್ರಕಟಿಸಿದರು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಅಲ್ಲಿನ ದೊರೆಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ಭಾರತೀಯರ ಬಾಯಲ್ಲಿ ಗ್ರೀಕರಿಗೆ ಅರ್ಥವಾಗದ ಮಾತುಗಳನ್ನು ಹಾಕಲಾಗಿದೆ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್‌ಷ್ 1904ರಲ್ಲಿ ವಾದಿಸಿದ. ನಮ್ಮಲ್ಲಿ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ವಾದವನ್ನು ಮುಂದಕ್ಕೆ ಒಯ್ದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅವರ ಆಕ್ಷೇಪಗಳು ಹಗುರವಾದವಲ್ಲ. ಆದರೆ ಆ ಮಾತು ಕನ್ನಡವೇ ಆಗಿದ್ದರೆ, ಈಜಿಪ್ಟಿನಲ್ಲಿ ಸಭಿಕರು ಬರ್ ಬರ್ ಎಂದು ಕೇಳಿಸಿಕೊಂಡು ನಕ್ಕದ್ದು ನಮ್ಮ ನುಡಿಯನ್ನೇ. ಬ್ರಾವೋ ಪದದ ಚರಿತ್ರೆಯನ್ನು ಓದುವಾಗ ನಾನು ಇದನ್ನು ಮರೆಯಲಾರೆ.

ರೋಮನರ ಕತೆಯೂ ಹಾಗೆಯೇ. ಗ್ರೀಕರ ಲೆಕ್ಕದಲ್ಲಿ ಅವರೂ ಬರ್ಬರರೇ. ಕ್ರಿಸ್ತಪೂರ್ವ 200ರ ಸುಮಾರಿನ ನಾಟಕಕಾರ ಪ್ಲಾಟಸ್, ಗ್ರೀಕ್ ನಾಟಕವನ್ನು ಲ್ಯಾಟಿನ್ನಿಗೆ ತಂದದ್ದನ್ನು ಹೇಳುವಾಗ ತಾನು ಅದನ್ನು ಬರ್ಬರಕ್ಕೆ ತಿರುಗಿಸಿದೆ ಎನ್ನುತ್ತಾನೆ. ಇನ್ನೂರು ವರ್ಷ ಕಳೆದು ರೋಮ್ ಸಾಮ್ರಾಜ್ಯವಾದ ಮೇಲೆ ಬರ್ಬರರೆಂದರೆ ಗಡಿಯಾಚೆಯವರು. ಆಗ ಚಕ್ರವರ್ತಿಯ ಸಿಟ್ಟಿಗೆ ಗುರಿಯಾದ ಕವಿ ಓವಿಡ್ ಕ್ರಿಸ್ತಶಕ 8ರಲ್ಲಿ ಕಪ್ಪು ಸಮುದ್ರದ ತೋಮಿಸ್ ಎಂಬ ಊರಿಗೆ ಗಡೀಪಾರಾದ. ಅಲ್ಲಿ ಯಾರಿಗೂ ಅವನ ಲ್ಯಾಟಿನ್ ಅರ್ಥವಾಗಲಿಲ್ಲ. ಇಲ್ಲಿ ಬರ್ಬರ ನಾನೇ ಎಂದು ಅವನು ಬರೆದುಕೊಂಡ. ತೋಮಿಸ್ ಇವತ್ತಿನ ರೊಮೇನಿಯಾದ ಕೊನ್ಸ್ತಾಂತ್ಸಾ. ಲ್ಯಾಟಿನ್ ಕೇಳಿ ಜನ ಅಂದು ನಗುತ್ತಿದ್ದ ಊರಿನಲ್ಲಿ ಇಂದು ಲ್ಯಾಟಿನ್ನಿನ ಮಗಳೊಬ್ಬಳು ಮನೆಮಾತಾಗಿದ್ದಾಳೆ.

ತತ್ಸಮ ತದ್ಭವಗಳ ನಾಡಿನವರಾದ ನಮಗೆ ಮುಂದಿನ ಸಂಗತಿ ಸುಲಭವಾಗಿ ಹಿಡಿಯುತ್ತದೆ. ಸ್ಪ್ಯಾನಿಷಿನಲ್ಲೂ ಇಟಾಲಿಯನ್ನಿನಲ್ಲೂ ಬ್ರಾವೋ ಜೊತೆಗೆ ‘ಬಾರ್ಬರೊ’ ಎಂಬ ಪದವೂ ಬದುಕಿದೆ. ಬಾರ್ಬರೊ ಓದು ಬರಹದವರು ಕಾಪಾಡಿದ ತತ್ಸಮ, ಬ್ರಾವೋ ಜನರ ಬಾಯಲ್ಲಿ ಸವೆದ ತದ್ಭವ. ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಸವೆತದ ನಿಯಮಗಳನ್ನು ಹದಿಮೂರನೆಯ ಶತಮಾನದಲ್ಲೇ ಹೇಳಿದ. ರೂಪ ಸವೆದಾಗ ಅರ್ಥವೂ ಬೇರೆ ದಾರಿ ಹಿಡಿಯುವುದುಂಟು. ವರ್ಣ ಬಣ್ಣವಾಯಿತು. ಜಾತಿಯ ಭಾರವೆಲ್ಲ ವರ್ಣದಲ್ಲೇ ಉಳಿದು, ಬಣ್ಣ ಸೀರೆ ಗೋಡೆಗಳ ಮೇಲೆ ಹಗುರವಾಗಿ ಓಡಾಡಿಕೊಂಡಿದೆ. ಹಾಗೆಯೇ ಕ್ರೌರ್ಯದ ಭಾರ ಬಾರ್ಬರೊ ಮೇಲೆ ಬಿತ್ತು. ಆದರೂ ಅದು ಅಲ್ಲೇ ನಿಲ್ಲಲಿಲ್ಲ. ಅರ್ಜೆಂಟೀನಾದವರು ಇವತ್ತು ತುಂಬ ಸೊಗಸಾಗಿದೆ ಎನ್ನಲು ಬಾರ್ಬರೊ ಎನ್ನುತ್ತಾರೆ. ನಮ್ಮ ಹುಡುಗರು ‘ಊಟ ಭಯಂಕರ ಚೆನ್ನಾಗಿತ್ತು’ ಎನ್ನುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು.

ಈಗ ಆ ಜೋಡಿಗೆ ಬರುತ್ತೇನೆ, ಬ್ರಾವೋ ಮತ್ತು ಮಾನ್ಸೋ. ಇಡೀ ವಿಷಯದ ಕೀಲಿ ಇಲ್ಲಿದೆ ಎಂದು ನನ್ನ ನಂಬಿಕೆ. ಬ್ರೆಜಿಲಿನ ಮರಗೆಣಸಿನಲ್ಲಿ ಎರಡು ಬಗೆ. ಒಂದು ‘ಮಾನ್ಸಾ’, ಬೇಯಿಸಿ ತಿನ್ನಬಹುದು. ಇನ್ನೊಂದು ‘ಬ್ರಾವಾ’, ಅದರಲ್ಲಿ ಸಯನೈಡ್ ಹುಟ್ಟಿಸುವ ವಿಷವಿದೆ. ಅಲ್ಲಿನ ಮೂಲನಿವಾಸಿಗಳು ಅದನ್ನು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ಹಾಕಿ ಹಿಂಡಿ, ರಸ ತೆಗೆದು, ಹುರಿದು ಹಿಟ್ಟು ಮಾಡುವ ವಿದ್ಯೆಯನ್ನು ಬಲ್ಲವರು. ಗೆಡ್ಡೆ ಯಾರ ಮೇಲೂ ಹಾಯುವುದಿಲ್ಲ, ಗುಟುರು ಹಾಕುವುದಿಲ್ಲ. ಆದರೂ ಅದು ಬ್ರಾವಾ. ಏಕೆಂದರೆ ಮನುಷ್ಯನ ಅಡುಗೆಮನೆಗೆ ತಾನಾಗಿ ಬಗ್ಗುವುದಿಲ್ಲ. ಬ್ರಾವೋ ಎಂಬ ಗುಣ ಗೆಡ್ಡೆಯಲ್ಲೂ ಇಲ್ಲ, ಗೂಳಿಯಲ್ಲೂ ಇಲ್ಲ. ಬೇಲಿ ಹಾಕಿದವನು ತನಗೂ ಅದಕ್ಕೂ ನಡುವೆ ಅಳೆದ ದೂರ ಅದು.

ಪೋರ್ಚುಗೀಸರ ಆಡಳಿತ ಅಲ್ಲಿನ ಮನುಷ್ಯರನ್ನೂ ಇದೇ ಪದಗಳಿಂದ ಎಣಿಸಿತು. ವಸಾಹತಿಗೆ ತಲೆಬಾಗಿದ ಮೂಲನಿವಾಸಿಗಳು ‘ಮಾನ್ಸೋಸ್’, ಕಾಡಿನಲ್ಲಿ ನಿಂತು ಎದುರಿಸಿದವರು ‘ಬ್ರಾವೋಸ್’. ಕಾಗದಪತ್ರಗಳಲ್ಲಿ ಆ ಪದಗಳು ದನಕ್ಕೆ ಬಳಸಿದಂತೆಯೇ ಬಳಕೆಯಾದವು. ಬ್ರಾವೋ ಎಂದು ಬರೆಸಿಕೊಂಡವರ ಮೇಲೆ ದಂಡು ಹೋಗಬಹುದಿತ್ತು. ಪದ ತನ್ನ ಹುಟ್ಟಿನ ಜಾಗಕ್ಕೇ ಮರಳಿತು. ಹೊರಗಿನವನೊಬ್ಬನನ್ನು ಹೊರಗೇ ನಿಲ್ಲಿಸುವ ಕೆಲಸ ಅದಕ್ಕೆ ಮತ್ತೆ ಸಿಕ್ಕಿತು. ಇದನ್ನು ತಿಳಿದ ಮೇಲೆ ಸಂಗೀತ ಸಭೆಯ ಕೂಗು ನನಗೆ ಮೊದಲಿನಷ್ಟು ಸಲೀಸಾಗಿ ಕೇಳಿಸಿಲ್ಲ.

ಹಾಗಾದರೆ ಇದು ಹೊಗಳಿಕೆಯಾದದ್ದು ಹೇಗೆ? ನನ್ನ ತರ್ಕ ಹೀಗೆ. ಎದುರಾಳಿಯ ಉಗ್ರತೆ ಅಪಾಯ. ಅದೇ ಉಗ್ರತೆಯವನು ನಮ್ಮ ಕಡೆಗಿದ್ದರೆ ಅವನು ಶೂರ. ಶೂರನು ಕೂಲಿಗೆ ನಿಂತಾಗ ಲೊಂಬಾರ್ದಿಯ ಬ್ರಾವೋ ಆಗುತ್ತಾನೆ, ಕತ್ತಿವರಸೆಯಲ್ಲಿ ಕೈಚಳಕ ತೋರಿದಾಗ ನಿಪುಣ. ಕತ್ತಿಯ ನೈಪುಣ್ಯದ ಪದ ಕೊರಳ ನೈಪುಣ್ಯಕ್ಕೂ ಅಡುಗೆಯ ನೈಪುಣ್ಯಕ್ಕೂ ಸಲ್ಲುತ್ತದೆ. ನಿಪುಣನಾದವನು ಮೆಚ್ಚಿನವನು, ಮೆಚ್ಚಿನವನು ಒಳ್ಳೆಯವನು. ಒಂದೊಂದು ಹೆಜ್ಜೆಯೂ ಚಿಕ್ಕದು. ಸ್ಪೇನ್ ಮತ್ತು ಪೋರ್ಚುಗಲ್ ಮೊದಲ ಹೆಜ್ಜೆಗಳಲ್ಲೇ ಹೆಚ್ಚು ಹೊತ್ತು ನಿಂತವು, ಅಲ್ಲಿ ಗೂಳಿ ದಿನವೂ ಕಣ್ಣ ಮುಂದಿತ್ತು. ಇಟಲಿ ಬಹುದೂರ ನಡೆಯಿತು.

ನಮ್ಮ ಸಾಹಸವೂ ಇಂಥದೇ ದಾರಿ ನಡೆದ ಪದ. ಮನುಸ್ಮೃತಿಯಲ್ಲಿ ವ್ಯಾಜ್ಯಗಳ ಹದಿನೆಂಟು ಬಗೆಗಳನ್ನು ಎಣಿಸುವಾಗ ಸಾಹಸವೆಂಬುದು ಒಂದು. ಅಲ್ಲಿ ಅದರ ಅರ್ಥ ಬಲಾತ್ಕಾರದ ಅಪರಾಧ. ಸಾಹಸ ಮಾಡಿದವನಿಗೆ ದಂಡ. ಸಂಸ್ಕೃತದಲ್ಲೇ ಅದು ಮೆಚ್ಚುಗೆಯತ್ತ ತಿರುಗಿತು. ಹತ್ತನೆಯ ಶತಮಾನದ ಕೊನೆಗೆ ರನ್ನ ತನ್ನ ಗದಾಯುದ್ಧಕ್ಕೆ ಸಾಹಸಭೀಮ ವಿಜಯ ಎಂದು ಹೆಸರಿಡುವ ಹೊತ್ತಿಗೆ ಅದು ಚಾಲುಕ್ಯ ಸತ್ಯಾಶ್ರಯನ ಬಿರುದಿನಲ್ಲಿ ಮೆರೆಯುತ್ತಿತ್ತು. ನಮ್ಮ ಬರ್ಬರ ಮಾತ್ರ ಆ ದಾರಿ ಹಿಡಿಯಲಿಲ್ಲ. ಇವತ್ತಿಗೂ ಅದು ಕನ್ನಡದಲ್ಲಿ ಹತ್ಯೆ ಎಂಬ ಪದದ ಹಿಂದೆ ಮುಂದೆಯೇ ತಿರುಗುತ್ತದೆ. ಅದು ಜನರ ಬಾಯಿಗೆ ಬಿದ್ದು ಸವೆಯಲಿಲ್ಲ, ತದ್ಭವವಾಗಲಿಲ್ಲ. ಬರಹದ ಕಪಾಟಿನಲ್ಲೇ ಉಳಿಯಿತು. ಬಳಸಿದ ಪದ ಮಾತ್ರ ಬದಲಾಗುತ್ತದೆ.

ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದರಲ್ಲ, ಬ್ರಾವೋ ಏಕೆ ಕನ್ನಡಕ್ಕೆ ಇಳಿಯಲಿಲ್ಲ ಎಂದು ನೀವು ಕೇಳಬಹುದು. ಅವರಿಂದ ನಮಗೆ ಚಾವಿ, ಅನಾನಸು, ಬಟಾಟೆ ಬಂದವು. ಎಲ್ಲವೂ ನಾಮಪದ, ಎಲ್ಲವೂ ಹಡಗಿನಿಂದ ಇಳಿಸಬಹುದಾದ ವಸ್ತು. ಗುಣಪದವನ್ನು ತರಬೇಕಾದರೆ ಅದರ ಹಿಂದಿನ ಮೆಚ್ಚುಗೆಯನ್ನೂ ಹೆದರಿಕೆಯನ್ನೂ ಒಟ್ಟಿಗೆ ತರಬೇಕು. ಅದಕ್ಕೆ ವ್ಯಾಪಾರ ಸಾಲದು, ಜೊತೆಯ ಬದುಕು ಬೇಕು. ಭೇಷ್ ಎನ್ನುವ ಜಾಗದಲ್ಲಿ ನಮಗೆ ಶಹಬ್ಬಾಸ್ ಇದೆ. ಅದು ಸಂತೋಷವಾಗಿರು ಎಂಬ ಪಾರಸಿ ಹರಕೆ. ಪಾರಸಿ ಬಲ್ಲವರೊಡನೆ ನಮ್ಮ ಜನ ಕಚೇರಿಯಲ್ಲೂ ದಂಡಿನಲ್ಲೂ ಶತಮಾನಗಳ ಕಾಲ ಒಟ್ಟಿಗೆ ದುಡಿದಿದ್ದರು.

ಪದಗಳ ಇಂಥ ಹುಡುಕಾಟಕ್ಕೆ ನಮ್ಮಲ್ಲೂ ದಾರಿ ತೋರಿದವರಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಗುಣಪದಗಳನ್ನೇ ಕುರಿತು ಜಗತ್ತಿನ ಹಲವು ಭಾಷೆಗಳನ್ನು ಹೋಲಿಸಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು, ಅದು 1994ರಲ್ಲಿ ಪ್ರಕಟವಾಯಿತು. ‘ಇಗೋ ಕನ್ನಡ’ ಅಂಕಣದಲ್ಲಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಓದುಗರು ಕಳಿಸಿದ ಒಂದೊಂದು ಪದಕ್ಕೂ ಮರ್ಯಾದೆ ಕೊಟ್ಟು ಉತ್ತರಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಕಾವ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿ ಕೊಟ್ಟಿದೆ. ಇಷ್ಟು ದೊಡ್ಡವರು ಹಾಕಿದ ಅಡಿಪಾಯ ನಮಗಿದೆ. ಇನ್ನು ಮಾಡಬೇಕಾದದ್ದು ಬಾಯಿಮಾತಿನ ಗುಣಪದಗಳ ಕೆಲಸ. ಪುಂಡ, ಪೋಕರಿ, ಜೋರು, ಖಡಕ್, ಅಸಾಧ್ಯ, ಪಾಪದವ. ಇವು ಕುಂದಾಪುರದಲ್ಲಿ ಹೇಳುವುದನ್ನು ಕಲಬುರಗಿಯಲ್ಲಿ ಹೇಳುವುದಿಲ್ಲ, ಚಾಮರಾಜನಗರದಲ್ಲಿ ಇನ್ನೊಂದನ್ನು ಹೇಳುತ್ತವೆ.

ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಈ ವಾರ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ ಕುಳಿತು ಇವುಗಳಲ್ಲಿ ಒಂದು ಪದವನ್ನು ಕೇಳಿ. ಯಾರಿಗೆ ಹಾಗೆನ್ನುತ್ತಾರೆ, ಯಾರಿಗೆ ಅನ್ನುವುದಿಲ್ಲ, ನಮ್ಮವರಿಗೂ ಪರರಿಗೂ ಒಂದೇ ದನಿಯಲ್ಲಿ ಅನ್ನುತ್ತಾರೆಯೇ ಎಂದು ವಿಚಾರಿಸಿ. ಅವರು ಹೇಳಿದ ವಾಕ್ಯವನ್ನು ಹಾಗೆಯೇ, ತಿದ್ದದೆ, ಒಂದು ಚೀಟಿಯಲ್ಲಿ ಬರೆದು ಊರಿನ ಹೆಸರು, ಹೇಳಿದವರ ವಯಸ್ಸು, ತಾರೀಖು ಹಾಕಿ ನಿಮ್ಮ ಕನ್ನಡ ವಿಭಾಗಕ್ಕೆ ತಂದುಕೊಡಿ. ನನ್ನ ಅಜ್ಜಯ್ಯ ಹೇಳಿದ ‘ನಮ್ಮ ಪುಂಡ’ ಎಂಬ ಆ ಎರಡು ಪದಗಳನ್ನು ನಾನು ಅಂದೇ ಬರೆದಿಡಲಿಲ್ಲ. ಇವತ್ತು ಬರೆದು, ಊರು ಮತ್ತು ತಾರೀಖು ಹಾಕಿ, ಮೊದಲ ಚೀಟಿಯಾಗಿ ಈ ಸಭೆಯ ಅಧ್ಯಕ್ಷರ ಕೈಗೆ ಕೊಡುತ್ತಿದ್ದೇನೆ.